ಬಡಿದು ನೋಡುವ ಬೆರಳು

ಕಾಕಾನ ಬಲಗೈಯ ನಡುಬೆರಳಿನ ಗೆಣ್ಣು ಉಳಿದವಕ್ಕಿಂತ ದಪ್ಪಗಿತ್ತು, ಕರ್ರಗೆ ಜಡ್ಡುಗಟ್ಟಿತ್ತು. ಆ ಗೆಣ್ಣಿನಿಂದ ಅವರು ಕಂಡದ್ದನ್ನೆಲ್ಲ ಬಡಿದು ನೋಡುತ್ತಿದ್ದರು. ಕಲ್ಲಂಗಡಿ, ತೆಂಗಿನಕಾಯಿ, ನೀರಿನ ಗಡಿಗೆ, ಹೊಸ ಗೋಡೆ, ಯಾವುದನ್ನೂ ಬಿಡುತ್ತಿರಲಿಲ್ಲ. ಬಡಿಯುವಾಗ ತಲೆ ಎಡಕ್ಕೆ ವಾಲುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿದ್ದವು. ನಮ್ಮ ಮನೆಗೆ ಬಂದು ಹೊರಡುವಾಗ ಬಾಗಿಲ ಚೌಕಟ್ಟಿಗೂ ಎರಡು ಸಲ ಬಡಿದೇ ಹೋಗುವರು. ಅದೇ ಅವರ ‘ಬರ್ತೀನಿ’.

ಯಾದಗಿರಿಯ ಸ್ಟೇಶನ್ ಹಿಂದಿನ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವಿಲ್ಲ, ಆದರೂ ನನಗೆ ಅವರು ಕಾಕಾ. ರೈಲ್ವೆಯಲ್ಲಿ ಗಾಲಿ ಬಡಿಯುವುದು ಅವರ ಕೆಲಸವಾಗಿತ್ತು. ಗಾಡಿ ನಿಂತ ಕೂಡಲೇ ಉದ್ದ ಹಿಡಿಕೆಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಬಡಿಯುತ್ತ ಹೋಗುವುದು, ಸಪ್ಪಳ ಕೇಳಿ ಯಾವುದು ಸೀಳಿದೆ ಎಂದು ಹೇಳುವುದು. ವಾಡಿ, ರಾಯಚೂರು ಎಂದು ತಿರುಗಿ ನಿವೃತ್ತರಾದ ಮೇಲೆ, ಬಟ್ಟೆ ಹೊಲಿಯುವ ಮಗಳ ಮನೆಗೆ ಬಂದು ಉಳಿದರು. ಸುತ್ತಿಗೆಯನ್ನು ರೈಲ್ವೆಯವರು ವಾಪಸು ಪಡೆದರು. ಚಟ ಮಾತ್ರ ಇವರ ಜೊತೆಗೇ ಬಂತು.

ಬೇಸಿಗೆ ಬಂದರೆ ಓಣಿಯ ಹೆಂಗಸರು ಗಡಿಗೆ ಕೊಳ್ಳಲು ಅವರನ್ನೇ ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಗೋಡೆಗೆ ಗಿಲಾವು ಮಾಡಿಸಿದಾಗ ಕಾಕಾ ಒಂದು ಕಡೆ ಬಡಿದು, “ಇಲ್ಲಿ ಟೊಳ್ಳದ, ಕಿತ್ತಿ ಹಚ್ಚು” ಎಂದು ಗೌಂಡಿಯ ಮುಖದ ಮೇಲೇ ಹೇಳಿದ್ದರು. ಗೌಂಡಿ ಬೈಯುತ್ತ ಕಿತ್ತ. ನಿಜಕ್ಕೂ ಅಲ್ಲಿ ಟೊಳ್ಳಿತ್ತು. ಒಮ್ಮೆ ನಾನು, “ಕಾಕಾ, ನನ್ನ ತಲೀನೂ ಒಂದ್ ಸಲ ಬಡದು ನೋಡ್ರಿ” ಎಂದೆ.

“ಬ್ಯಾಡ ತಮ್ಮಾ. ಟೊಳ್ಳ ಅಂದ್ರ ನಿನಗ ಸಿಟ್ಟು ಬರ್ತದ.”

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ನಾನು ಹೈಸ್ಕೂಲ್ ಮಾಸ್ತರ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಅವರಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಆಕೆ ಹೋಗಿ ಈಗ ನಾಲ್ಕು ವರ್ಷ. ಪುಪ್ಪುಸದ ಕಾಯಿಲೆ. ಕಲಬುರಗಿಗೆ ಕರೆದೊಯ್ದಾಗ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಆರು ತಿಂಗಳು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಆರು ತಿಂಗಳ ಹಿಂದೆ ನಮಗೆ ಏನೂ ಗೊತ್ತಿರಲಿಲ್ಲವಲ್ಲ ಎಂದು ನಾನು ನನಗೇ ಹೇಳಿಕೊಂಡು ದಿನ ದೂಡಿದೆ. ಆ ಒಂದು ಮಾತು ಇಲ್ಲದಿದ್ದರೆ ಶಾಲೆಗೆ ಹೋಗಿ ಪಾಠ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

ಆಕೆಯ ದನಿ ಒಂದೇ ಒಂದು ಕಡೆ ಉಳಿದಿತ್ತು. ಕಲಬುರಗಿಗೆ ಹೋಗುವ ಏಳೆಂಟು ತಿಂಗಳ ಮೊದಲು ನನ್ನ ತಂಗಿಯ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ ಆಗಿತ್ತು. ಅಂದು ಆಕೆ ಹಾಡಿದ ಒಂದು ಸೋಬಾನ ಪದವನ್ನು ತಂಗಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಮೊಬೈಲಿನಲ್ಲಿ ಆ ದನಿ ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯ ಹಾಗೆ ಕೇಳುತ್ತಿತ್ತು. ಪದ ಮುಗಿದ ಮೇಲೆ ಬರೀ ಗದ್ದಲ, ಒಂದೂ ತಿಳಿಯುತ್ತಿರಲಿಲ್ಲ. ವಾಲ್ವ್ ಇರುವ ಹಳೇ ಮಾದರಿಯ ಆಂಪ್ಲಿಫೈಯರಿನಲ್ಲಿ ಮನುಷ್ಯರ ದನಿ ಎದುರಿಗೆ ಕೂತು ಮಾತಾಡಿದ ಹಾಗೆ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ವರ್ಗವಾಗಿ ಹೋದ ಗೆಳೆಯ ಬಿಟ್ಟುಹೋಗಿದ್ದ ಎರಡು ದೊಡ್ಡ ಸ್ಪೀಕರ್ ಮನೆಯಲ್ಲಿದ್ದವು. ಆಂಪ್ಲಿಫೈಯರ್ ಆರಿಸಲು ನನಗೆ ತಿಳಿಯದು. ಕಾಕಾನನ್ನು ಕರೆದೆ. “ನನಗೇನ್ ತಿಳೀತದ ಅದರಾಗ?” ಎನ್ನುತ್ತಲೇ ಚಪ್ಪಲಿ ಮೆಟ್ಟಿದರು.

ಶಹಾಪುರದ ಬಸ್ಸಿನಲ್ಲಿ ಹೋದೆವು. ಭೀಮಾ ಸೇತುವೆ ದಾಟುವಷ್ಟರಲ್ಲಿ ಕಾಕಾ, “ಇದರ ಹಿಂದಿನ ಗಾಲಿ ಬೋಲ್ಟ್ ಸಡಲ ಆಗ್ಯದ” ಎಂದು ಕಂಡಕ್ಟರನಿಗೆ ಎರಡು ಸಲ ಹೇಳಿದ್ದರು. ಶಹಾಪುರದಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವವನೊಬ್ಬ ತಾನೇ ವಾಲ್ವ್ ಮಷೀನು ಕಟ್ಟಿ ಕೊಡುತ್ತಿದ್ದ. ಮೇಜಿನ ಮೇಲೆ ಎರಡಿದ್ದವು. ಒಂದು ದೊಡ್ಡದು, ನಾಲ್ಕು ಎತ್ತರದ ಗಾಜಿನ ವಾಲ್ವ್, ಥಳಥಳ ಹೊಳೆಯುವ ಮೈ. ಇನ್ನೊಂದು ಸಣ್ಣದು, ಬಣ್ಣವೂ ಸರಿಯಾಗಿ ಬಳಿದಿರಲಿಲ್ಲ. ನನ್ನ ಕಣ್ಣು ದೊಡ್ಡದರ ಮೇಲೇ ಇತ್ತು.

“ಕೋಣಿ ಎಷ್ಟ್ ದೊಡ್ಡದದ್ರಿ ಸರ? ಸ್ಪೀಕರ್ ಎಂಥಾವು?” ಎಂದು ರಿಪೇರಿಯವನು ಕೇಳಿದ. ಹೇಳಿದೆ. “ಎರಡೂ ನಡೀತಾವ್ರಿ. ಯಾವ ಹಾಡು ಹಚ್ಚಲಿ?”

“ಏನೂ ಹಚ್ಚಬ್ಯಾಡ್ರಿ. ಖಾಲಿ ಬಿಡ್ರಿ” ಎಂದರು ಕಾಕಾ.

ವಾಲ್ವ್ ಬಿಸಿಯಾಗಿ ಕೆಂಪಗಾಗುವವರೆಗೆ ಮೂವರೂ ಕಾದೆವು. ಆಮೇಲೆ ಕಾಕಾ ಸ್ಪೀಕರಿಗೆ ಕಿವಿ ಹಚ್ಚಿದರು. ದೊಡ್ಡದರಲ್ಲಿ ಗುಂಯ್ ಎನ್ನುವ ಸಣ್ಣ ಸದ್ದು, ಸಣ್ಣದರಲ್ಲಿ ಅದೂ ಇಲ್ಲ. ರಿಪೇರಿಯವನು ಪೆನ್ಸಿಲ್ ಕೊಟ್ಟು, ಇದರಿಂದ ವಾಲ್ವಿಗೆ ಮೆಲ್ಲಗೆ ಬಡಿಯಿರಿ ಎಂದ. ದೊಡ್ಡದರ ಒಂದು ವಾಲ್ವಿಗೆ ಬಡಿದಾಗ ಸ್ಪೀಕರಿನಿಂದ ಟಣ್ ಎಂದು ಬಂತು. ಕಾಕಾನ ಮುಖ ಅರಳಿತು. “ಹಾಂ! ಇದು ಗಟ್ಟಿ ಅದ!”

“ಉಲ್ಟಾರಿ ಯಜಮಾನ್ರ. ಟಣ್ ಅಂದ್ರ ಒಳಗ ಸಡಲ ಆಗ್ಯದ ಅಂತ. ಚಲೋ ವಾಲ್ವ್ ಬಡದ್ರೂ ಸುಮ್ಮನಿರ್ತದ.”

ಕಾಕಾ ಪೆನ್ಸಿಲನ್ನೇ ನೋಡುತ್ತ ಕೂತರು. “ಗಾಲಿ ಸುಮ್ಮನಾತಂದ್ರ ನಾ ಅಂಜತಿದ್ದೆ” ಎಂದು ನಕ್ಕರು. ಮತ್ತೆ ಮೊದಲಿನಿಂದ ಒಂದೊಂದನ್ನೇ ಬಡಿದು, ಸಣ್ಣ ಮಷೀನಿನ ಮೇಲೆ ಕೈ ಇಟ್ಟರು. “ಇದನ್ನ ಒಯ್ಯಿ ತಮ್ಮಾ.” ನಾನು ಪರೀಕ್ಷೆಗೆಂದು ಮೊಬೈಲ್ ತೆಗೆದೆ. ಏನು ಹಚ್ಚಲಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ನನ್ನ ಕೈ ಕೆಳಗೆ ಒತ್ತಿ, “ಅದು ಬಜಾರದಾಗ ಹಚ್ಚೂದಲ್ಲ” ಎಂದರು.

ಮರುದಿನ ಭಾನುವಾರ ಮಧ್ಯಾಹ್ನ ಹಚ್ಚಿದೆವು. ಆಕೆ ಬಂದು ಕೋಣೆಯಲ್ಲಿ ಕೂತಳು. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ತುಟಿ ತೆರೆಯುವ ಸಪ್ಪಳ, ಬಳೆಯ ಸಪ್ಪಳ. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಆದರೆ ಎರಡನೆಯ ನುಡಿಯಿಂದ ಸಾಲು ಸಾಲಿಗೂ ಉಸಿರು ಕಡಿಯುತ್ತಿತ್ತು. ಮೊಬೈಲಿನಲ್ಲಿ ಅದು ಎಂದೂ ಕೇಳಿರಲಿಲ್ಲ. ಪದ ಮುಗಿದ ಕ್ಷಣವೇ ಕಾಕಾ ಮುಂದೆ ಬಾಗಿ ಮೊಬೈಲಿನ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು.

“ಕಾಕಾ, ಉಸಿರು ಕಡೀತದಲ್ರಿ ಇಲ್ಲಿ?”

“ಹೂಂ. ಅವತ್ತೂ ಕೇಳಿಸಿತ್ತು. ಅದಕ್ಕ ಮೊದಲೂ ಗ್ವಾಡಿ ಹಿಂದಿಂದ ಕೇಳಿಸಿತ್ತು.”

“ಮತ್ತ ಹೇಳಲಿಲ್ಲ ಯಾಕ್ರಿ?”

ಕಾಕಾ ಮೊಬೈಲಿನ ಮೇಲಿನ ಕೈ ತೆಗೆಯಲಿಲ್ಲ. “ಗಟ್ಟಿಸಿ ಹೇಳಬೇಕಿತ್ತು, ಹೇಳಲಿಲ್ಲ. ಗಾಲಿ ಆಗಿದ್ರ ಕೆಂಪು ಝಂಡಾ ಹಿಡದು ಗಾಡಿ ನಿಲ್ಲಿಸ್ತಿದ್ದೆ. ನಕ್ಕೋತ ಕುಂತ ಮನಿ ಹೆಂಗ ನಿಲ್ಲಿಸ್ಲಿ? ತಪ್ಪು ನಂದ, ತಮ್ಮಾ.”

“ಗ್ವಾಡಿ ಟೊಳ್ಳದ ಅನ್ನಾಕ ಬಾಯಿ ಬರ್ತದ ನಿಮಗ. ನನ್ನ ಹೇಣ್ತಿ ಸಾಯ್ತಾಳ ಅನ್ನಾಕ ಬರಲಿಲ್ಲೇನ್ರಿ? ಏಳ್ರಿ. ಇನ್ನ ನನ್ನ ಮನಿಗಿ ಬರಬ್ಯಾಡ್ರಿ.”

ಎದ್ದು ಚಪ್ಪಲಿ ಮೆಟ್ಟಿ ಹೋದರು. ಅಂದು ಚೌಕಟ್ಟಿಗೆ ಬಡಿಯಲಿಲ್ಲ.

ಐದು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಎದುರಿಗೆ ಬಂದರೆ ಓಣಿಯ ಆಚೆ ಬದಿಗೆ ಸರಿಯುತ್ತಿದ್ದೆ. ಪ್ರತಿ ಭಾನುವಾರ ಪದ ಹಚ್ಚುತ್ತಿದ್ದೆ, ಮುಗಿದಲ್ಲಿಗೆ ನಿಲ್ಲಿಸುತ್ತಿದ್ದೆ. ಆಮೇಲಿನ ಹೆಂಗಸರ ಗದ್ದಲ ನನಗೆ ಬೇಕಿರಲಿಲ್ಲ.

ಒಂದು ದಿನ ಅವರ ಮಗಳು ಬಾಗಿಲಿಗೆ ಬಂದಳು. “ಅಣ್ಣಾರ, ಅಪ್ಪ ಹೇಳಿ ಕಳಿಸ್ಯಾನ್ರಿ. ನಿಮ್ಮ ಮಷೀನದಾಗ ಒಂದು ವಾಲ್ವ್ ಟಣ್ ಅನ್ನಾಕತ್ತದಂತ, ಬದಲಿಸಬೇಕಂತ. ಈ ಸಲ ಗಟ್ಟಿಸಿ ಹೇಳಿ ಬಾ ಅಂದಾನ್ರಿ.” ನನಗೆ ಅಂಥ ಸದ್ದೇನೂ ಕೇಳಿರಲಿಲ್ಲ. ಆಯ್ತು ಎಂದು ಬಾಗಿಲು ಹಾಕಿಕೊಂಡೆ. ಆಕೆ ಇನ್ನೂ ಮೆಟ್ಟಿಲ ಮೇಲೇ ಇದ್ದಳು.

ಹನ್ನೆರಡು ದಿನಕ್ಕೆ, ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಕಾಕಾ ಹೋದರು. ಮಣ್ಣಿಗೆ ಹೋದೆ. ಗುಂಡಿಯಲ್ಲಿ ಅವರನ್ನು ಕೂಡಿಸಿದ್ದರು, ಕೈಗಳು ತೊಡೆಯ ಮೇಲಿದ್ದವು, ಆ ಗೆಣ್ಣಿಗೂ ವಿಭೂತಿ ಹತ್ತಿತ್ತು. ಒಂದು ಹಿಡಿ ಮಣ್ಣು ಹಾಕಿ ಬಂದೆ. ಅಳು ಬರಲಿಲ್ಲ, ಸಿಟ್ಟು ಇನ್ನೂ ಇತ್ತು.

ಮುಂದಿನ ವಾರ ಮಷೀನು ಶಹಾಪುರಕ್ಕೆ ಒಯ್ದೆ. ರಿಪೇರಿಯವನು ಪೆನ್ಸಿಲಿನಿಂದ ಬಡಿದ. ಬಲಗಡೆಯದು ಟಣ್ ಎಂದಿತು. “ಇಷ್ಟು ಸಣ್ಣ ಸದ್ದು ಯಾರಿಗಿ ಕೇಳಿಸ್ತರಿ ಸರ?” ಎಂದು ಬೆರಗಾಗಿ ಕೇಳಿದ. ಬೇರೆ ವಾಲ್ವ್ ಹಾಕಿ ಕೊಟ್ಟ.

ಮನೆಗೆ ಬಂದು ಹಚ್ಚಿದೆ. ಪದ ಮುಗಿಯಿತು. ವಾಲ್ವನ್ನೇ ನೋಡುತ್ತ ಕೂತವನಿಗೆ ನಿಲ್ಲಿಸುವುದು ಮರೆತುಹೋಯಿತು. ಹೆಂಗಸರ ನಗು, ತಟ್ಟೆಗಳ ಸಪ್ಪಳ. ಆಮೇಲೆ ಬಾಗಿಲ ಕಡೆಯಿಂದ ಕಾಕಾನ ದನಿ ಸ್ಪಷ್ಟವಾಗಿ ಬಂತು. “ಸಾಕ್ ಬಿಡವ್ವಾ, ಉಸಿರು ಸಾಲವಲ್ದು ನಿನಗ. ತಮ್ಮಾ, ಈಕಿನ್ನ ಒಮ್ಮೆ ದವಾಖಾನಿಗಿ ತೋರಿಸ್ಕೊಂಡು ಬಾ.”

ಅದರ ಹಿಂದೆಯೇ ಗಂಡಸೊಬ್ಬ ಜೋರಾಗಿ ನಕ್ಕ. “ಏ ಕಾಕಾ, ಮನಷ್ಯಾರನ್ನೂ ಬಡದು ನೋಡಾಕ ಹತ್ತಿದ್ರೇನು? ಸುಮ್ಮನ ಕೂಡ್ರಿ. ಇನ್ನೊಂದ್ ಪದ ಆಗ್ಲಿ!”

ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ನಗುತ್ತಲೇ ಕೆಮ್ಮಿದಳು.

ಆ ಗಂಡಸು ನಾನು. ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ಇದು ನನ್ನ ಕಿವಿಗೆ ಬೀಳಬಾರದೆಂದೇ ಅವರು ಆ ಭಾನುವಾರ ಮೊಬೈಲಿನ ಮೇಲೆ ಅಂಗೈ ಇಟ್ಟಿದ್ದರು. ತಪ್ಪು ತನ್ನದೆಂದರು, ನನ್ನಿಂದ ಅಷ್ಟೆಲ್ಲ ಅನ್ನಿಸಿಕೊಂಡು ಹೋದರು. ಹೋಗಿ ಕಾಲು ಹಿಡಿಯೋಣವೆಂದರೆ ಗೋಡೆಯ ಆಚೆ ಈಗ ಹೊಲಿಗೆ ಮಷೀನಿನ ಸದ್ದು ಮಾತ್ರ ಇದೆ.

ಈಗ ನಾನು ಪದ ಮುಗಿದಲ್ಲಿಗೆ ನಿಲ್ಲಿಸುವುದಿಲ್ಲ, ಕೊನೆಯವರೆಗೂ ಕೇಳುತ್ತೇನೆ. ನನ್ನ ನಗು ಮುಗಿದ ಮೇಲೆ, ಬಾಗಿಲ ಚೌಕಟ್ಟಿಗೆ ಗೆಣ್ಣು ಎರಡು ಸಲ ಬಡಿದ ಸಪ್ಪಳ ಇದೆ. ಆಮೇಲೆ ಏನೂ ಇಲ್ಲ.