ಏರಿಯ ಮೇಲಿನ ಎರಡು ಕಲ್ಲು

ನೆಲದ ಏರುತಗ್ಗು ಅಳೆಯುವ ಲೆವೆಲಿಂಗ್ ಪಾಠವನ್ನು ಪ್ರತಿ ವರ್ಷವೂ ನಾನು ಸ್ಟಾಫ್‌ನಿಂದಲೇ ಶುರು ಮಾಡುತ್ತೇನೆ. ನಾಲ್ಕು ಮೀಟರ್ ಉದ್ದದ, ಮೈತುಂಬ ಅಳತೆಯ ಗೆರೆಗಳಿರುವ ಪಟ್ಟಿ ಅದು. ಅದರ ಮೇಲೆ ಹುಡುಗರಿಗೆ ಕವಡೆಯಷ್ಟೂ ಗೌರವವಿಲ್ಲ. ಎಲ್ಲರಿಗೂ ಆ ಗೆರೆಗಳನ್ನು ದೂರದಿಂದ ಓದುವ ದುರ್ಬೀನಿನ ಹಿಂದೆಯೇ ನಿಲ್ಲಬೇಕು. 'ಸ್ಟಾಫ್ ಹಿಡಿಯೋಕೆ ಮನುಷ್ಯ ಯಾಕೆ ಮೇಡಂ, ಒಂದು ಗೂಟ ಸಾಕಲ್ವಾ?' ಎಂದು ಒಬ್ಬ ಹೋದ ವಾರ ಕೇಳಿದ. ನನಗೆ ರೇಗಿತು. 'ಗೂಟ ನೆಟ್ಟ ಕಡೆ ಇರುತ್ತೆ ಕಣೋ, ಮನುಷ್ಯ ಇರಲ್ಲ' ಅಂದೆ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಈಗ ಪಾಠ ಮಾಡುತ್ತಿರುವ ಪಾಲಿಟೆಕ್ನಿಕ್ಕಿನಲ್ಲೇ ನಾನು ಓದಿದ್ದು. ನಮ್ಮ ಸರ್ವೆ ಕ್ಯಾಂಪ್ ನಡೆದದ್ದು ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ. ತಂಡದಲ್ಲಿ ಆರು ಜನ, ಹುಡುಗಿ ನಾನೊಬ್ಬಳೇ. ಹುಡುಗರು ಊರಿನ ಶಾಲೆಯಲ್ಲಿ ಉಳಿದುಕೊಂಡರು. ನಾನು ಸಂಜೆಯ ಬಸ್ಸಿಗೆ ಅಜ್ಜಂಪುರದ ಸೋದರತ್ತೆಯ ಮನೆಗೆ ಹೋಗಿ ಬೆಳಿಗ್ಗೆ ವಾಪಸ್ ಬರುತ್ತಿದ್ದೆ. ಮೊದಲ ದಿನವೇ ಸ್ಟಾಫ್ ನನ್ನ ಕೈಗೆ ಬಂತು. 'ಇನ್‌ಸ್ಟ್ರುಮೆಂಟ್ ಭಾರ, ನಿಮ್ಗೆ ಯಾಕೆ ಕಷ್ಟ' ಎಂದರು. ಆಹಾ, ಎಂಥ ಕರುಣೆ!

ಸ್ಟಾಫ್ ಹಿಡಿದವರ ಪಾಡು ಹಿಡಿದವರಿಗೇ ಗೊತ್ತು. ಅವರೆಲ್ಲ ಅಲ್ಲಿ ದೂರದಲ್ಲಿ ದುರ್ಬೀನಿನ ಸುತ್ತ ನಿಂತು ಮಾತಾಡುತ್ತಾರೆ, ನಗುತ್ತಾರೆ, ಕಡಲೆಕಾಯಿ ತಿನ್ನುತ್ತಾರೆ. ಇತ್ತ ನನಗೆ ಅವರ ಕೈ ಮಾತ್ರ ಕಾಣುತ್ತದೆ. ಎಡಕ್ಕೆ ಬೀಸಿದರೆ ಸ್ಟಾಫ್ ಎಡಕ್ಕೆ ವಾಲಿಸಬೇಕು, ಬಲಕ್ಕೆ ಬೀಸಿದರೆ ಬಲಕ್ಕೆ. ಬೆಳಿಗ್ಗೆಯಿಂದ ಸಂಜೆವರೆಗೆ ನನ್ನೊಂದಿಗೆ ಒಬ್ಬರೂ ಒಂದು ಮಾತಾಡುತ್ತಿರಲಿಲ್ಲ. ಮೂರನೆಯ ದಿನದ ಹೊತ್ತಿಗೆ ನನಗೆ ಅಳುವೇ ಬಂತು. ಬರುವ ಹೋಗುವ ಎಮ್ಮೆಗಳನ್ನು ಮಾತಾಡಿಸತೊಡಗಿದ್ದೆ ಎಂದರೆ ನೋಡಿ.

ದುರ್ಬೀನು ನೋಡುತ್ತಿದ್ದವನು ಯಗಟಿಯ ಹುಡುಗ. ಕುರಿ ಸಾಕುವ ಮನೆಯವನು, ಮಾತು ಕಡಿಮೆ. ಅಳತೆ ಓದುವವನೂ ಅವನೇ, ಪುಸ್ತಕದಲ್ಲಿ ಬರೆಯುವವನೂ ಅವನೇ. ಉಳಿದವರು ಹಾಗೇ ಸುಮ್ಮನೆ ಜೊತೆಗೆ. ಕ್ಯಾಂಪಿನಲ್ಲಿ ಯಾರು ಚೆನ್ನಾಗಿ ದುರ್ಬೀನು ನೋಡುತ್ತಾರೋ ಅವರೊಬ್ಬರನ್ನು ಕಾಲುವೆ ಕೆಲಸದ ಸರ್ವೆಗೆ ಕಳಿಸುವುದಾಗಿ ಮೇಷ್ಟ್ರು ಹೇಳಿದ್ದರು. ಅದು ಅವನಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಆ ಕೆಲಸ ಬೇಕಿತ್ತು. ಆದರೆ ದುರ್ಬೀನನ್ನೇ ಮುಟ್ಟದವಳಿಗೆ ಯಾರು ಕೊಡುತ್ತಾರೆ?

ಲೆವೆಲಿಂಗಿನ ಮೂಲ ಪಾಠ ಇಷ್ಟೇ. ಎತ್ತರ ಗೊತ್ತಿರುವ ಒಂದು ಗುರುತಿನಿಂದ ಹೊರಟು, ಸುತ್ತಿ, ಅದೇ ಗುರುತಿಗೆ ವಾಪಸ್ ಬರಬೇಕು. ನಮ್ಮ ಗುರುತು ಕೆರೆಯ ತೂಬಿನ ಕಲ್ಲಿನ ಮೇಲಿತ್ತು. ಹೊರಟಾಗ ಇದ್ದ ಎತ್ತರವೇ ವಾಪಸ್ ಬಂದಾಗಲೂ ಲೆಕ್ಕದಲ್ಲಿ ಬರಬೇಕು. ನಡುವೆ ದುರ್ಬೀನನ್ನು ಮುಂದಕ್ಕೆ ಒಯ್ಯುವಾಗ ಸ್ಟಾಫ್ ನಿಂತ ಕಲ್ಲಿನಿಂದ ಕದಲಬಾರದು. ಹಿಂದಿನ ಅಳತೆಗೂ ಮುಂದಿನ ಅಳತೆಗೂ ಆ ಕಲ್ಲೊಂದೇ ಕೊಂಡಿ. ಇನ್ನೊಂದು ನಿಯಮವಿತ್ತು. 'ಜೇಬಲ್ಲಿ ರಬ್ಬರ್ ಕಂಡ್ರೆ ಕೆರೆಗೆ ಎಸಿತೀನಿ' ಎನ್ನುತ್ತಿದ್ದರು ಮೇಷ್ಟ್ರು. 'ತಪ್ಪು ಬರುದ್ರೆ ಅಳಿಸ್ಬಾರ್ದು. ಅಡ್ಡಡ್ಡ ಒಂದೇ ಗೆರೆ ಎಳೀರಿ. ಕೆಳಗಿರೋದು ಓದೋ ಹಂಗಿರ್ಬೇಕು.'

ನಾಲ್ಕನೆಯ ದಿನ ಮಧ್ಯಾಹ್ನ ಅವರು ದುರ್ಬೀನು ಹೊತ್ತು ಮುಂದೆ ಹೋದರು. ನಾನು ಏರಿಯ ಮೇಲೆ ಒಂದು ಚಪ್ಪಟೆ ಕಲ್ಲಿನ ಮೇಲೆ ಸ್ಟಾಫ್ ಊರಿಕೊಂಡು ನಿಂತಿದ್ದೆ. ಏರಿಯ ಕೆಳಗೆ ಒಬ್ಬ ಅಜ್ಜಿ ಹುಲ್ಲಿನ ಹೊರೆ ಕಟ್ಟಿ, ಎತ್ತಿಕೊಡುವವರಿಲ್ಲದೆ ಸುತ್ತ ನೋಡುತ್ತಿತ್ತು. 'ಏ ಮಗಾ, ಒಸಿ ಕೈ ಹಾಕವ್ವಾ' ಎಂದು ಕೂಗಿತು. ಅಷ್ಟು ದಿನದಲ್ಲಿ ಆ ಏರಿಯ ಮೇಲೆ ನನ್ನನ್ನು ಕರೆದು ಮಾತಾಡಿಸಿದ ಮೊದಲ ಮನುಷ್ಯರ ದನಿ ಅದು. ಸ್ಟಾಫ್ ಮಲಗಿಸಿ ಇಳಿದು ಹೋದೆ. ಹೊರೆ ಎತ್ತಿ ತಲೆಯ ಮೇಲಿಟ್ಟೆ. ಅಜ್ಜಿ ಹೊರೆ ಹೊತ್ತುಕೊಂಡೇ ಯಾರ ಮಗಳು, ಯಾವೂರು, ಊಟ ಆಯ್ತಾ ಎಂದೆಲ್ಲ ಕೇಳಿತು. ನಾನು ಬೇಕಿದ್ದಕ್ಕೂ ಬೇಡದ್ದಕ್ಕೂ ಉತ್ತರ ಕೊಟ್ಟೆ. ಅಷ್ಟರಲ್ಲಿ ದೂರದಲ್ಲಿ ಕೈ ಬೀಸುವುದು ಕಂಡಿತು. ಓಡಿ ಹತ್ತಿದೆ. ನೋಡಿದರೆ ಚಪ್ಪಟೆ ಕಲ್ಲು ಎರಡಿವೆ! ಒಂದು ತುಸು ಎತ್ತರ, ಒಂದು ತಗ್ಗು. 'ತಪ್ಪಿತು' ಎಂದು ಕೈಯಾಡಿಸಿದ್ದರೆ ಅವರು ದುರ್ಬೀನನ್ನು ಹಿಂದಿನ ಜಾಗಕ್ಕೆ ತಂದು ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಿದ್ದರು. 'ಹುಡುಗೀರಿಗೆ ಸ್ಟಾಫ್ ಹಿಡಿಯೋಕೂ ಬರಲ್ಲ' ಎನ್ನುತ್ತಾರಲ್ಲ ಎಂಬ ಸಿಟ್ಟು ಅಡ್ಡ ಬಂತು. ಇದೇ ಇರಬೇಕು ಎಂದುಕೊಂಡು ಎತ್ತರದ ಕಲ್ಲಿನ ಮೇಲೆ ನಿಲ್ಲಿಸಿದೆ.

ಸಂಜೆ ಲೆಕ್ಕ ಹಾಕಿದರೆ ಒಂಬತ್ತು ಸೆಂಟಿಮೀಟರ್ ವ್ಯತ್ಯಾಸ. ಮೇಷ್ಟ್ರು ಕೆಂಡವಾದರು. 'ಕಣ್ಣು ಕೆರೆ ಕಡೆ ಇತ್ತೇನಲೇ? ಎಲ್ಲಿ ತಪ್ಪು ಓದ್ದೆ?' ಎಂದು ಯಗಟಿಯ ಹುಡುಗನ ಮೇಲೆ ಹರಿಹಾಯ್ದರು. ಅವನು ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ. ಬಾಯಿ ತೆರೆದೆ, ಬಸ್ಸಿನ ಹಾರನ್ ಕೇಳಿತು, ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ಮರುದಿನ ಮೇಷ್ಟ್ರು ನಮ್ಮಿಬ್ಬರನ್ನು ಅದಲುಬದಲು ಮಾಡಿದರು. ದುರ್ಬೀನು ನನಗೆ, ಸ್ಟಾಫ್ ಅವನಿಗೆ. ಹಳೆಯ ಡಂಪಿ ಲೆವೆಲ್ ಅದು, ಒಳಗೆ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅವನು ಆಕಾಶಕ್ಕೆ ಕಾಲೂರಿ ನಿಂತಂತೆ ಕಂಡ. ಅಂಗಿಯ ಗುಂಡಿ, ಹಣೆಯ ಬೆವರು, ರೆಪ್ಪೆ ಬಡಿಯುವುದೂ ಕಾಣುತ್ತಿತ್ತು. ಇಷ್ಟೆಲ್ಲ ಕಾಣುತ್ತದೆಂದರೆ ನಿನ್ನೆ ನಾನೂ ಅವನಿಗೆ ಕಂಡಿರಬೇಕಲ್ಲ? ಆದರೆ ಅವನು ಏನೂ ಹೇಳಲಿಲ್ಲ, ಹಾಗಾದರೆ ನೋಡಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಇಡೀ ದಿನ ಅವನು ಕಲ್ಲು ಬಿಟ್ಟು ಕದಲಲಿಲ್ಲ. ಸಂಜೆ ವ್ಯತ್ಯಾಸ ಎರಡೇ ಮಿಲಿಮೀಟರ್ ಬಂತು. 'ಹುಡುಗಿ ನೋಡಿ ಕಲೀರೋ!' ಎಂದರು ಮೇಷ್ಟ್ರು. ಲೆಕ್ಕ ಕೂಡಿದ್ದು ಅವನ ಕೈಯಿಂದ, ಹೊಗಳಿಕೆ ಬಂದದ್ದು ನನ್ನ ಕಣ್ಣಿಗೆ.

ಕಾಲುವೆ ಕೆಲಸ ನನಗೇ ಸಿಕ್ಕಿತು. ಅಜ್ಜಂಪುರದ ಆಚೆಯ ಹೊಲಗಳಲ್ಲಿ ಆರು ವರ್ಷ ದುರ್ಬೀನು ನೋಡಿದೆ. ಮಧ್ಯಾಹ್ನ ಜಾಲಿ ಮರದ ಕೆಳಗೆ ಒಬ್ಬಳೇ ಬುತ್ತಿ ಬಿಚ್ಚುತ್ತಿದ್ದೆ. ಆಮೇಲೆ ಪಾಠ ಮಾಡಲು ಬಂದೆ. ಈಗ ತರೀಕೆರೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಒಂದು ಕುಕ್ಕರ್, ಒಂದು ಕುರ್ಚಿ. ಎರಡನೆಯ ಕುರ್ಚಿ ಕೊಳ್ಳುವ ಪ್ರಸಂಗವೇ ಬಂದಿಲ್ಲ.

ಕಳೆದ ತಿಂಗಳು ಲ್ಯಾಬಿನ ಬೀರುವಿಗೆ ಗೆದ್ದಲು ಹತ್ತಿತೆಂದು ಹಳೆಯ ಪುಸ್ತಕಗಳನ್ನು ಹೊರಗೆ ಹಾಕಿಸುತ್ತಿದ್ದೆ. ನಮ್ಮ ತಂಡದ ಅಳತೆ ಪುಸ್ತಕ ಸಿಕ್ಕಿತು. ನಾಲ್ಕನೆಯ ದಿನದ ಪುಟ ತೆರೆದೆ. ನಾನು ಕಲ್ಲು ತಪ್ಪಿದ ಅಳತೆಯ ಎದುರಿಗೆ, ಷರಾ ಬರೆಯುವ ಜಾಗದಲ್ಲಿ, ಪೆನ್ಸಿಲಿನಲ್ಲಿ ಅವನ ಅಕ್ಷರದಲ್ಲಿ ಹೀಗಿತ್ತು: 'ಸ್ಟಾಫ್ ಕಲ್ಲು ಬದಲಾಯಿತೇ? ಕೇಳಬೇಕು.' ಅದರ ಮೇಲೆ ಅಡ್ಡಡ್ಡ ಒಂದೇ ಗೆರೆ. ಕೆಳಗಿರುವುದನ್ನು ಓದುವ ಹಾಗಿತ್ತು.

ಆ ಭಾನುವಾರ ಕಡೂರಿಗೆ ಹೋಗಿ, ಯಗಟಿ ಬಸ್ಸು ಹಿಡಿದೆ. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಸರು ಹೇಳಿ ಕೇಳಿದರೆ 'ಮನೆ ಕಟ್ಸೋರಾ? ತೋಟದ ಹತ್ರ ಅವ್ರೆ' ಎಂದರು. ಅವನು ಒಂದು ಹೊಸ ಮನೆಯ ಪಾಯದಲ್ಲಿ ನಿಂತು ಟ್ಯೂಬ್ ಲೆವೆಲ್ ಹಿಡಿದಿದ್ದ. ನೀರು ತುಂಬಿದ ಪಾರದರ್ಶಕ ಪೈಪು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೆಲಸದವರಿಗೆ ರಜೆ, ಅವನೊಬ್ಬನೇ ಒದ್ದಾಡುತ್ತಿದ್ದ.

'ಓಹೋ, ಮೇಡಮ್ಮೋರು! ಒಳ್ಳೇ ಟೈಮಿಗೆ ಬಂದ್ರಿ. ಈ ತುದಿ ಹಿಡ್ಕಳಿ' ಎಂದು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಎಳೆದುಕೊಂಡು ಆಚೆ ಮೂಲೆಗೆ ಹೋದ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

'ಅವತ್ತು ಕಲ್ಲು ಬದಲಾಗಿತ್ತು' ಎಂದು ಅಲ್ಲಿಂದಲೇ ಕೂಗಿ ಹೇಳಿದೆ. 'ತಪ್ಪು ನಂದು.'

'ಗೊತ್ತು ಕಣ್ರೀ. ಅಜ್ಜಿಗೆ ಹುಲ್ಲು ಹೊರಿಸ್ತಿದ್ದದ್ದು ಕಾಣ್ತಿತ್ತು.'

'ಮತ್ತೆ ಮೇಷ್ಟ್ರಿಗೆ ಯಾಕೆ ಹೇಳ್ಲಿಲ್ಲ?'

ಅವನು ಪಾಯದ ಗೋಡೆಯ ಕಡೆಗೆ ಬಗ್ಗಿಕೊಂಡೇ ಇದ್ದ. 'ನೀವೇ ಹೇಳ್ತೀರಿ ಅಂದ್ಕಂಡಿದ್ದೆ. ಅವತ್ತು ಬಸ್ ಹತ್ತೋ ಗಂಟ ಕಾದೆ. ಮಾರ್ನೆ ದಿನ ಸ್ಟಾಫ್ ಇಸ್ಕೊಳ್ಳೋವಾಗ ಕಾದೆ. ಕ್ಯಾಂಪ್ ಮುಗಿಯೋ ತಂಕ ಕಾದೆ. ಆಮೇಲೆ ಬಿಟ್ಬಿಟ್ಟೆ.'

ನನ್ನ ಕೈಯಲ್ಲಿದ್ದ ಪೈಪಿನೊಳಗೆ ನೀರು ಮೇಲೆ ಕೆಳಗೆ ಆಡುತ್ತಿತ್ತು.

'ಅಲ್ಲಾಡಿಸ್ಬೇಡಿ' ಎಂದು ಅವನು ಅಲ್ಲಿಂದ ಕೂಗಿದ. 'ನೀರು ನಿಂತ ಮೇಲೆ ಹೇಳಿ.'

ಎರಡೂ ಕೈಯಲ್ಲಿ ಹಿಡಿದು ನಿಂತೆ. ನೀರು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವನು ಪೆನ್ಸಿಲ್ ಹಿಡಿದು ಕಾಯುತ್ತಿದ್ದ.