ನನ್ನ ಹೆಸರಿನಲ್ಲೊಂದು ದೊಡ್ಡ ಕೋವಿ

ಆ ಕೋವಿಯನ್ನು ನಾನು ಹಾರಿಸಿದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಬಲಭುಜಕ್ಕೆ ಬಿದ್ದ ಒದೆ ನೆನಪಿದೆ. ಹಲ್ಲಿನ ಬುಡದವರೆಗೂ ಹೋದ ಅದುರು ನೆನಪಿದೆ. ಆದರೆ ಅದು ನನ್ನದೇ ಭುಜವೋ, ಪಕ್ಕದಲ್ಲಿದ್ದವನ ಭುಜ ಹಿಂದಕ್ಕೆ ಹೋದದ್ದನ್ನು ಕಂಡು ನನ್ನ ಮೈ ಆಮೇಲೆ ಕಟ್ಟಿಕೊಂಡ ಕಥೆಯೋ ಗೊತ್ತಿಲ್ಲ. ಅವತ್ತು ಸಂಜೆ ನನ್ನ ಭುಜದ ಮೇಲೆ ಯಾವ ಕಲೆಯೂ ಇರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಇರುವುದು ಒಬ್ಬನೇ ಸಾಕ್ಷಿ, ಅವನಿಗೂ ತನ್ನ ಕಥೆಯ ಮೇಲೆ ಮೋಹ ಎಂದಾದರೆ ಆ ಸಾಕ್ಷ್ಯಕ್ಕೆ ಎಷ್ಟು ಬೆಲೆ ಎಂಬುದನ್ನು ಅಲ್ಲಿ ಚೆನ್ನಾಗಿ ಕಲಿಸಿದ್ದರು. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಸೇರಿಸಿಕೊಂಡದ್ದು ಎಂಬ ಅನುಮಾನ ನನಗೇ ಇದೆ.

ಪಕ್ಕದಲ್ಲಿದ್ದವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಮಂಡ್ಯದ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ನಮ್ಮ ಮನೆಗೆ ನಡೆದು ಬರುವಷ್ಟು ದೂರದ ಅಪಾರ್ಟ್‌ಮೆಂಟಿನಲ್ಲಿ ಅವರಿಬ್ಬರೂ ಇದ್ದರು. ಆ ಬೇಸಿಗೆಯಲ್ಲಿ ಅವನ ಕೆಲಸ ಹೋಯಿತು. ನನಗೆ ಇಲ್ಲಿನ ಪೌರತ್ವ ಸಿಕ್ಕಿ ವರ್ಷಗಳಾಗಿದ್ದವು. ಅವನು ಮಾತ್ರ ಇನ್ನೂ ಕೆಲಸದ ವೀಸಾದಲ್ಲೇ ಇದ್ದ. ಕಂಪನಿಯವರು ಇನ್ನೆರಡು ತಿಂಗಳು ಸಂಬಳ ಕೊಡುತ್ತಾರೆ, ಅದಾದ ಮೇಲೆ ಮತ್ತೆರಡು ತಿಂಗಳ ಗಡುವು, ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಇಲ್ಲಿರುವ ನಮ್ಮವರಲ್ಲಿ ಈ ಲೆಕ್ಕ ಬಾಯಿಪಾಠವಿಲ್ಲದವರು ಯಾರೂ ಇಲ್ಲ.

ಅವನ ಹಳೆಯ ಸಹೋದ್ಯೋಗಿಯೊಬ್ಬ, ಮನಸ್ಸು ಬೇರೆ ಕಡೆ ಹೋಗಲೆಂದು, ಬೆಟ್ಟಗಳ ಆಚೆಗಿನ ಒಂದು ಶೂಟಿಂಗ್ ರೇಂಜಿಗೆ ಅವನನ್ನು ಕರೆದುಕೊಂಡು ಹೋಗುತ್ತಿದ್ದ. ಒಂದು ಶನಿವಾರ ನಾನೂ ಹೋದೆ. ಒಣಗಿದ ಹುಲ್ಲಿನ ಗುಡ್ಡ, ತಗಡಿನ ಚಪ್ಪರ, ಉದ್ದಕ್ಕೂ ಬೆಂಚುಗಳು. ಕೊನೆಯ ಬೆಂಚಿನಲ್ಲಿ ಒಬ್ಬ ಬಿಳಿಯ ಮುದುಕ ತನ್ನ ರೈಫಲನ್ನು ಅದಕ್ಕೇ ಜೋಡಿಸಿದ್ದ ಎರಡು ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿಕೊಂಡಿದ್ದ. ಅದರ ಗುಂಡು ಅರ್ಧ ಇಂಚು ದಪ್ಪ, ತೋಟಾ ನನ್ನ ಅಂಗೈಗಿಂತ ಉದ್ದ. ಅವನು ಹಾರಿಸಿದಾಗ ಸುತ್ತಲಿನವರೆಲ್ಲ ತಮ್ಮ ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಕಿವಿಗೆ ಮುಚ್ಚಳವಿದ್ದರೂ ಆ ಸದ್ದು ಕಿವಿಯಿಂದ ಬರಲಿಲ್ಲ, ಎದೆಗೂಡಿನಿಂದ ಬಂತು. ಬೆಂಚಿನ ಕೆಳಗಿನ ಧೂಳು ಎದ್ದು ಮೊಣಕಾಲಿಗೆ ಬಡಿಯಿತು.

ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಮುದುಕ ಕೈಬೀಸಿ ಕರೆದ. ವೀಸಾದಲ್ಲಿರುವವನು ಅಂಥದ್ದನ್ನು ಕೈಯಲ್ಲಿ ಹಿಡಿಯಬಹುದೇ ಎಂದು ನಾವಾರೂ ಕೇಳಲಿಲ್ಲ. ಷಡ್ಡಕ ಕೂತ, ಕೆನ್ನೆ ಒತ್ತಿದ, ಹಾರಿಸಿದ. ಆಮೇಲೆ ನಕ್ಕ. ಕೆಲಸ ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ಫ್ರೀವೇಯಲ್ಲಿ ಅವನು ಹೇಳಿದ, "ಅಣ್ಣ, ಆ ಒಂದು ಸೆಕೆಂಡು ತಲೇಲಿ ಏನೂ ಇರಾಕಿಲ್ಲ ಕಣಣ್ಣ. ವೀಸಾ ಇಲ್ಲ, ಇಂಟರ್ವ್ಯೂ ಇಲ್ಲ, ಊರಿಲ್ಲ. ಎಲ್ಲಾ ಕ್ಲೀನು."

"ಕಿವಿಯೂ ಕ್ಲೀನು," ಎಂದೆ. "ನನಗಿನ್ನೂ ಗುಂಯ್ ಅಂತಿದೆ."

"ಅಂಥದ್ದೊಂದು ತಕ್ಕಬೇಕು."

"ಫಿರಂಗಿ ತಗೊಂಡು ಏನೋ ಮಾಡ್ತೀಯ? ಅಪಾರ್ಟ್‌ಮೆಂಟಲ್ಲಿ ಜಿರಳೆ ಹೊಡೀತೀಯಾ?"

"ನಿಮ್ಮೆಸರಲ್ಲಿ ತಕ್ಕಳಣ್ಣ. ನಿಮ್ದು ಸಿಟಿಜನ್‌ಶಿಪ್ಪು. ನಿಮ್ಮ ಗ್ಯಾರೇಜಲ್ಲೇ ಇರ್ಲಿ, ಬೀಗಾನೂ ನಿಮ್ಮತ್ರಾನೇ ಇರ್ಲಿ. ನಂಗೆ ವಾರಕ್ಕೊಂದ್ಸಲ ಸಿಕ್ರೆ ಸಾಕು."

ಈ ಮಾತು ನನಗೆ ವಿಚಿತ್ರವೆನಿಸಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ಕುಟುಂಬದಲ್ಲಿ ಯಾವ ವಸ್ತುವೂ ಅದನ್ನು ಬಳಸುವವರ ಹೆಸರಿನಲ್ಲಿಲ್ಲ. ಮೈಸೂರಿನ ಮಾವನ ಮನೆ ಅತ್ತೆಯ ಹೆಸರಿನಲ್ಲಿದೆ. ಆ ಮನೆಯ ಗ್ಯಾಸ್ ಸಿಲಿಂಡರು ತೀರಿಹೋದ ದೊಡ್ಡಪ್ಪನ ಹೆಸರಿನಲ್ಲಿ ಬರುತ್ತದೆ. ಭಾವಮೈದುನನ ಸ್ಕೂಟರಿನ ದಾಖಲೆಯಲ್ಲಿರುವುದು ಅವನ ಸ್ನೇಹಿತ. ಇಲ್ಲಿಗೆ ಬಂದ ಮೇಲೂ ಷಡ್ಡಕನ ಫೋನು ನನ್ನ ಖಾತೆಯಲ್ಲಿತ್ತು, ಅವನ ಕಾರಿನ ವಿಮೆಯಲ್ಲಿ ಮೊದಲು ಇದ್ದದ್ದು ನನ್ನ ಹೆಸರು. ಹೆಸರು ಕೊಡುವುದೆಂದರೆ ನಮ್ಮಲ್ಲಿ ಛತ್ರಿ ಕೊಟ್ಟ ಹಾಗೆ. ಬೇಡ ಎಂದರೆ ಜಿಪುಣ ಎನ್ನುತ್ತಾರೆ.

ಹಾಗಾಗಿ ಮುಂದಿನ ವಾರಗಳಲ್ಲಿ ನಾನು ಯೋಚಿಸಿದ್ದೆಲ್ಲ ಕೊಳ್ಳುವ ವಿಧಾನದ ಬಗ್ಗೆ. ಗ್ಯಾರೇಜಿನಲ್ಲಿ ಎಲ್ಲಿಡುವುದು, ಕಬ್ಬಿಣದ ಪೆಟ್ಟಿಗೆ ಎಷ್ಟು ಉದ್ದ ಬೇಕು, ತೋಟಾಗಳನ್ನು ಬೇರೆ ಕಪಾಟಿನಲ್ಲಿಟ್ಟರೆ ಸಾಕೇ. ಆಫೀಸಿನಲ್ಲಿ ಮೀಟಿಂಗು ನಡೆಯುತ್ತಿದ್ದಾಗ ಇನ್ನೊಂದು ಪರದೆಯಲ್ಲಿ ಗುಂಡಿನ ಪಥ, ಗಾಳಿಯ ತಳ್ಳುವಿಕೆ ಎಂದು ಓದುತ್ತಿದ್ದೆ. ಒಂದು ಮೈಲಿ ದೂರ ಹೋಗುವ ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದು ಬಹಳ ಚಂದದ ಲೆಕ್ಕ. ಇಷ್ಟೆಲ್ಲ ಓದಿದವನು ಕಾನೂನಿನ ಒಂದು ಪುಟವನ್ನೂ ತೆರೆಯಲಿಲ್ಲ. ನಿಜ ಹೇಳಬೇಕೆಂದರೆ ಕೋವಿ ನನಗೂ ಬೇಕಾಗಿತ್ತು. ಷಡ್ಡಕನಿಗಾಗಿ ಎಂಬುದು ಒಳ್ಳೆಯ ನೆಪವಾಗಿತ್ತು. ಐವತ್ತು ದಾಟಿದ, ಯಾರನ್ನೂ ಹೆದರಿಸಲಾರದ, ರೆಡ್‌ವುಡ್ ಸಿಟಿಯ ಕಚೇರಿಗೆ ದಿನಾ ಹೋಗಿ ಬರುವ ಮನುಷ್ಯನಿಗೆ, ತನ್ನ ಗ್ಯಾರೇಜಿನಲ್ಲಿ ಅಂಥದ್ದೊಂದು ಮಲಗಿದೆ ಎಂದು ತಿಳಿದಿರುವುದರಲ್ಲಿ ಏನೋ ಒಂದು ಸುಖ ಇರಬಹುದು ಅನ್ನಿಸಿತ್ತು.

ಮಗಳು ಹೈಸ್ಕೂಲಿನಲ್ಲಿದ್ದಳು. ಊಟದ ಹೊತ್ತಿಗೆ ವಿಷಯ ತೆಗೆದಾಗ ಅವಳು ತಟ್ಟೆಯಿಂದ ಮುಖವೆತ್ತಿ, "ಅಪ್ಪಾ, ಆರ್ ಯೂ ಸೀರಿಯಸ್? ವಿ ಹ್ಯಾಡ್ ಎ ಲಾಕ್‌ಡೌನ್ ಡ್ರಿಲ್ ಟುಡೇ," ಎಂದಳು. ಶಾಲೆಗೆ ಬಂದೂಕಿನವನು ನುಗ್ಗಿದರೆ ಮೇಜಿನಡಿ ಹೇಗೆ ಕೂರಬೇಕೆಂಬ ಅಭ್ಯಾಸ ಅದು. ನಾನು ಏನೋ ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಆಯುಧಪೂಜೆ ಬಂತು. ನಮ್ಮ ಮನೆಯ ಮುಂದೆ ಎರಡೂ ಕುಟುಂಬದ ಕಾರುಗಳನ್ನು ನಿಲ್ಲಿಸಿ, ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಒಳಗೆ ಮಣೆಯ ಮೇಲೆ ಲ್ಯಾಪ್‌ಟಾಪುಗಳು, ಸ್ಕ್ರೂಡ್ರೈವರು, ಹೆಂಡತಿಯ ಹೊಲಿಗೆ ಯಂತ್ರ. ಷಡ್ಡಕನ ಲ್ಯಾಪ್‌ಟಾಪನ್ನು ಕಂಪನಿ ವಾಪಸು ತೆಗೆದುಕೊಂಡಿತ್ತು. ಅವನು ಕೈಕಟ್ಟಿ ನಿಂತಿದ್ದ.

"ಎಷ್ಟು ವರ್ಸ ಅಂತ ಕಂಪ್ಯೂಟ್ರಿಗೆ ಕುಂಕುಮ ಮೆತ್ತದು?" ಎಂದ. "ಬರೋ ವರ್ಸ ನಿಜವಾದ ಆಯುಧನೇ ಇಡಾನ. ಅಲ್ವೇನಣ್ಣ?"

"ಮೊದ್ಲು ಯಾರ ಹೆಸರಲ್ಲಿ ಸಂಕಲ್ಪ ಅಂತ ತೀರ್ಮಾನ ಆಗ್ಲಿ," ಎಂದು ನಾನು ನಕ್ಕೆ.

ನಾದಿನಿ ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಮಣೆಯ ಮೇಲಿಟ್ಟು ಅಡುಗೆಮನೆಗೆ ಹೋದಳು. ಕೋಸಂಬರಿಯ ಪಾತ್ರೆ ತರಲೆಂದು ನಾನು ಹಿಂದೆಯೇ ಹೋದಾಗ, ಅವಳು ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ತಿರುಗದೆಯೇ ಮಾತಾಡಿದಳು.

"ಭಾವ, ಯಾರ ಹೆಸ್ರು, ಎಲ್ಲಿಡೋದು, ಯಾವ ಬೀಗ, ಎಲ್ಲಾ ಮಾತಾಡ್ತಿದೀರಲ್ಲ. ಯಾತಕ್ಕೆ ಅಂತ ಒಬ್ರಾದ್ರೂ ಕೇಳಿದ್ರಾ?"

"ಮನಸ್ಸಿಗೆ ಒಂಚೂರು ಹಗುರ ಆಗುತ್ತಂತೆ."

"ಬ್ಯಾಂಕಿನ ಪಾಸ್‌ವರ್ಡು ಎಲ್ಲಾ ನನಗೆ ಹೇಳ್ಕೊಡ್ತಿದಾರೆ. ಇನ್ಶೂರೆನ್ಸು ಎಲ್ಲಿದೆ, ಊರಲ್ಲಿ ಯಾರಿಗೆ ಫೋನ್ ಮಾಡ್ಬೇಕು ಅಂತ. ನಾನೆಲ್ಲಿಗೆ ಹೋಗ್ತಿದೀನಿ ಭಾವ, ನನಗ್ಯಾಕೆ ಅದೆಲ್ಲ? ಮಧ್ಯಾಹ್ನ ಪೂರ್ತಿ ಕೆಳಗೆ ಪಾರ್ಕಿಂಗಲ್ಲಿ ಕಾರೊಳಗೆ ಕೂತಿರ್ತಾರೆ. ಕಿಟಕಿ ತಟ್ಟಿದ್ರೂ ತಿರುಗಲ್ಲ." ನಲ್ಲಿ ನಿಲ್ಲಿಸಿದಳು. "ನೀವು ಬೇಡ ಅನ್ನಿ. ನಾನು ಹೇಳಿದೆ ಅಂತ ಅನ್ನಬೇಡಿ."

ಅವಳು ಹೇಳಿದ್ದು ಇವೇ ಮಾತುಗಳಲ್ಲಿ ಎಂದು ಆಣೆ ಮಾಡಲಾರೆ. ಪಾಸ್‌ವರ್ಡಿನ ಮಾತು ಮಾತ್ರ ಖಂಡಿತ ಹೇಳಿದಳು, ಏಕೆಂದರೆ ಅವತ್ತು ಕೋಸಂಬರಿಯ ಪಾತ್ರೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಗೆ ಬಂದೆ, ಎಲ್ಲರೂ ನಕ್ಕರು.

ಎಷ್ಟು ಸರಳವಾದ ಪ್ರಶ್ನೆ. ಇನ್ನು ಕೆಲವೇ ವಾರಗಳಲ್ಲಿ ದೇಶ ಬಿಡಬೇಕಾಗಬಹುದಾದವನಿಗೆ, ವಿಮಾನದಲ್ಲಿ ಒಯ್ಯಲಾಗದ ಆ ಭಾರದ ವಸ್ತು ಯಾಕೆ ಬೇಕು? ನನ್ನ ಕೆಲಸವೇ ಅಂಕಿಗಳ ಹಿಂದೆ ಏನಿದೆ ಎಂದು ಅನುಮಾನಿಸುವುದು. ಆದರೂ ಹೊಳೆದಿರಲಿಲ್ಲ. ಯಾರ ಹೆಸರಿನಲ್ಲಿ ಎಂಬ ನಮ್ಮ ಹಳೆಯ, ಪರಿಚಿತ, ಸುರಕ್ಷಿತ ಚರ್ಚೆಯಲ್ಲಿ ನಾವೆಲ್ಲ ಅಷ್ಟು ಹಾಯಾಗಿದ್ದೆವು.

ನಾಲ್ಕಾರು ದಿನಗಳಾದ ಮೇಲೆ ಅವನನ್ನು ಕರೆದುಕೊಂಡು ತರಕಾರಿಗೆ ಹೋದೆ. ನಮ್ಮ ದೇಶದ ಸಾಮಾನಿನ ಅಂಗಡಿಯ ಎದುರು, ಹಗಲು ಹೊತ್ತಿನಲ್ಲಿ, ಕಾರಿನೊಳಗೇ ಕೂತೆವು. ಅವನ ತೊಡೆಯ ಮೇಲೆ ಕರಿಬೇವಿನ ಚೀಲವಿತ್ತು. ಎಲೆಗಳನ್ನು ಒಂದೊಂದೇ ಬಿಡಿಸುತ್ತಿದ್ದ.

"ಇನ್ನೇನು ಹೊರಡೋನಿಗೆ ಕೋವಿ ಯಾತಕ್ಕೋ?" ಎಂದು ಕೇಳಿದೆ.

"ಹೊರಡ್ತೀನಿ ಅಂತ ಯಾರಂದ್ರು?"

"ಮತ್ತೆ? ಕೆಲಸ ಏನಾದ್ರೂ..."

"ಕೆಲ್ಸ ಎಲ್ಲಣ್ಣ," ಎಂದ. ಮುಖದಲ್ಲಿ ಏನೂ ಇರಲಿಲ್ಲ.

ಆಗ ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಸಾಯಬೇಕು ಅನ್ನಿಸುತ್ತಿದೆಯಾ? ಕನ್ನಡದಲ್ಲಿ ಅದಕ್ಕೆ ಬೇಕಾದ ಪದಗಳೆಲ್ಲ ಇವೆ, ಮಗುವಿಗೂ ಗೊತ್ತಿರುವ ಪದಗಳು. ಅವುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಅಪಶಕುನ ನುಡಿಯಬಾರದು ಎಂದು ಬೆಳೆದವರು ನಾವು. ದೇವರನ್ನು ನಂಬದ ನಾನೂ ಅದನ್ನು ಮಾತ್ರ ನಂಬಿಕೊಂಡೇ ಬಂದಿದ್ದೆ. ಹೆಸರು ಕೊಡಲಾರೆ ಎನ್ನಲೂ ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಸುಳ್ಳು.

"ವಿಚಾರಿಸಿದೆ ಕಣೋ. ಆಗಲ್ಲಂತೆ. ಈ ರಾಜ್ಯದಲ್ಲಿ ಅಷ್ಟು ದೊಡ್ಡದನ್ನ ಮಾರೋ ಹಾಗೇ ಇಲ್ವಂತೆ."

"ಯಾರಂದ್ರು?"

"ಅಂಗಡಿಯವನು." ನಾನು ಯಾವ ಅಂಗಡಿಗೂ ಹೋಗಿರಲಿಲ್ಲ.

"ಆ ಮುದ್ಕಂತಾವ ಇತ್ತಲ್ಲ?"

"ಅದು ಹಳೇದಂತೆ. ಕಾನೂನು ಬರೋಕ್ ಮುಂಚೆ ತಗೊಂಡಿರೋದು."

ಅಷ್ಟು ಸಲೀಸಾಗಿ ಹೇಗೆ ಬಂತೋ ತಿಳಿಯದು. ರೇಂಜಿನಲ್ಲಿ ಮುದುಕ ಏನಾದರೂ ಹೇಳಿದ್ದು ಕಿವಿಮುಚ್ಚಳದ ಸಂದಿಯಲ್ಲಿ ಒಳಗೆ ಹೋಗಿ ಕೂತಿತ್ತೇನೋ. ನನಗೆ ಅಂಥದ್ದೇನೂ ನೆನಪಿಲ್ಲ. ಷಡ್ಡಕ ಚೀಲದ ಬಾಯಿ ಗಂಟು ಹಾಕಿ, "ಸರಿ ಬುಡಿ ಅಣ್ಣ," ಎಂದ.

ಅವತ್ತೇ ನಾನು ಹೆಂಡತಿಗೆ ಎಲ್ಲ ಹೇಳಿದೆ. ಆಡಬಾರದ ಪದವನ್ನು ಅವಳು ಆಡಿದಳು. ನೇರವಾಗಿ ಅವರ ಮನೆಗೆ ಹೋಗಿ, ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಅತ್ತನಂತೆ. ಮರುದಿನ ಅಕ್ಕತಂಗಿಯರು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹಳೆಯ ಕಂಪನಿಯ ಆರೋಗ್ಯ ವಿಮೆ ಮುಗಿಯುವುದರೊಳಗೆ ಕೆಲವು ಸಲ ಹೋಗಿ ಬಂದ. ಮಾತ್ರೆ ತೆಗೆದುಕೊಂಡ. ಕೆಲಸ ಸಿಗಲಿಲ್ಲ. ಚಳಿಗಾಲದಲ್ಲಿ ಇಬ್ಬರೂ ಬೆಂಗಳೂರಿಗೆ ಹೋದರು. ಏರ್‌ಪೋರ್ಟಿನಲ್ಲಿ ಅವನು ನನ್ನ ಹೆಂಡತಿಗೆ ನಮಸ್ಕಾರ ಮಾಡಿದ. ನನ್ನ ಕಡೆ ನೋಡಲಿಲ್ಲ, ಅಥವಾ ನೋಡಿದ್ದನ್ನು ನಾನು ನೋಡಲಿಲ್ಲ.

ಅವನು ಬದುಕಿದ್ದಾನೆ. ಸಣ್ಣದೊಂದು ಕೆಲಸವಿದೆ. ಭಾನುವಾರ ಅಕ್ಕತಂಗಿಯರು ಫೋನಿನಲ್ಲಿ ಮಾತಾಡುತ್ತಾರೆ. ನಾನು ಪರದೆಯ ಮುಂದೆ ಬಂದರೆ ಅವನು ಆಗಷ್ಟೇ ಎದ್ದು ಹೋಗಿರುತ್ತಾನೆ. ಈಗಲೂ ಕೆಲವು ಮಧ್ಯಾಹ್ನ ನೆಲಮಾಳಿಗೆಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಕೂತಿರುತ್ತಾನೆ ಎಂದು ನಾದಿನಿ ಹೇಳುತ್ತಾಳೆ. ಅವಳು ಈಗ ಕಿಟಕಿ ತಟ್ಟುವುದಿಲ್ಲ, ಇನ್ನೊಂದು ಬಾಗಿಲು ತೆಗೆದು ಪಕ್ಕದಲ್ಲಿ ಕೂರುತ್ತಾಳೆ.

ನನ್ನನ್ನು ಕೊರೆದದ್ದು ಬೇರೆ. ಆ ದಿನವೇ ಅವನು ಫೋನು ತೆಗೆದು ಕಾನೂನು ಏನೆಂದು ಹುಡುಕಿದ್ದರೆ? ಅಣ್ಣ ಸುಳ್ಳು ಹೇಳಿದ, ಒಂದು ಹೆಸರು ಕೊಡಲೂ ನನ್ನನ್ನು ನಂಬಲಿಲ್ಲ, ಅದನ್ನು ಬಾಯಿ ಬಿಟ್ಟು ಹೇಳಲೂ ಇಲ್ಲ ಎಂದು ತಿಳಿದುಕೊಂಡಿದ್ದರೆ? ಅಂಥ ಸ್ಥಿತಿಯಲ್ಲಿದ್ದವನಿಗೆ ಅದೊಂದು ಸಾಕಾಗುತ್ತಿತ್ತು. ಅವನು ಉಳಿದದ್ದು ನನ್ನ ಮಾತಿನಿಂದಲ್ಲ, ನನ್ನ ಹೆಂಡತಿಯ ಪ್ರಶ್ನೆಯಿಂದ ಇರಬೇಕು, ಅಥವಾ ಮಾತ್ರೆಯಿಂದ, ಅಥವಾ ಎರಡರಿಂದಲೂ ಅಲ್ಲ. ಒಂದೇ ಸಲ ನಡೆದ ಸಂಗತಿಯಿಂದ ಕಾರಣ ತೆಗೆಯಲಾಗದು. ಅವನು ಹುಡುಕಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತೇ ಎಂಬುದನ್ನಾದರೂ ತಿಳಿಯಬಹುದಿತ್ತು. ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂದು ನಾನು ಬಹಳ ಕಾಲ ಹುಡುಕಲಿಲ್ಲ. ಎಲ್ಲವನ್ನೂ ಪರೀಕ್ಷಿಸಿ ನೋಡು ಎಂದು ಮಗಳಿಗೆ ಬೋಧಿಸುವವನು, ಎರಡು ನಿಮಿಷದ ಕೆಲಸವನ್ನು ಮುಂದೂಡುತ್ತಲೇ ಬಂದೆ.

ಕಳೆದ ತಿಂಗಳು ಹುಡುಕಿದೆ. ಸರ್ಕಾರದ ಪುಟವನ್ನೇ ತೆರೆದು, ಎರಡು ಸಲ ಓದಿದೆ. ಅವನು ಬಯಸಿದ ಆ ಅರ್ಧ ಇಂಚಿನ ರೈಫಲನ್ನು ಕ್ಯಾಲಿಫೋರ್ನಿಯಾದಲ್ಲಿ ಯಾರಿಗೂ ಮಾರುವಂತಿಲ್ಲ. ಕಾನೂನು ಬರುವ ಮೊದಲೇ ಕೊಂಡು ನೋಂದಾಯಿಸಿಕೊಂಡವರು ಮಾತ್ರ ಇಟ್ಟುಕೊಳ್ಳಬಹುದು. ಆ ಕಾನೂನು ನಾನು ಅವತ್ತು ಕಾರಿನಲ್ಲಿ ಬಾಯಿ ತೆರೆಯುವುದಕ್ಕೆ ಎಷ್ಟೋ ವರ್ಷಗಳ ಮುಂಚೆಯೇ ಜಾರಿಯಲ್ಲಿತ್ತು.