ನೋಡದೆ ನೆಟ್ಟ ಗೆಡ್ಡೆಗಳು

ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಇಸ್ತ್ರಿ ಹಾಕಿದ ಹೆಂಗಸು ಅವಳು. ಕಣ್ಣು ಮುಚ್ಚಿ ಮುಟ್ಟಿದರೂ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಹೇಳಿಬಿಡುತ್ತಿದ್ದಳು. ಗಂಡ ಚರ್ಚಿನ ಮಾಲಿ. ಗಿಡದ ಕೆಲಸವೆಲ್ಲ ಅವನದು. "ನೀನು ಮುಟ್ಟಿದರೆ ಎಲೆಗೂ ಮಡಿಕೆ ಬೀಳುತ್ತೆ, ಬೇಡ ಮಾರಾಯ್ತಿ" ಎಂದು ನಗುತ್ತಿದ್ದ.

ಪ್ರತಿ ವರ್ಷ ಈಸ್ಟರಿಗೆ, ಯೇಸುವಿನ ಪುನರುತ್ಥಾನದ ಹಬ್ಬಕ್ಕೆ, ಚರ್ಚಿನ ಪೀಠದ ಮೇಲೆ ಅವನು ಬೆಳೆದ ಬಿಳಿ ಲಿಲ್ಲಿ. ಹೂ ಮುಗಿದ ಮೇಲೆ ಗೆಡ್ಡೆ ಅಗೆದು, ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ಇಡುತ್ತಿದ್ದ. ಈ ಸಲ ಗೆಡ್ಡೆ ಚೀಲದಲ್ಲೇ ಉಳಿಯಿತು, ಅವನು ಮಣ್ಣಿಗೆ ಹೋದ. ಎರಡು ದಿನ ಎದೆನೋವು, ಅಷ್ಟೇ.

ಎಲ್ಲರಂತೆ ಅವಳೂ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದಳು. ಮುಖ ತಿರುಗಿಸಿ ಹಾಕಿದಳು.

ಹಬ್ಬಕ್ಕೆ ನಾಲ್ಕು ತಿಂಗಳಿರುವಾಗ ಪಾದ್ರಿಗಳು ಕೇಳಿದರು. "ಈ ಸಲ ಹೂ ಅಂಗಡಿಯಿಂದ ತರಿಸೋಣವಾ ತಾಯಿ?"

"ಬೇಡ ಫಾದರ್. ಅವರ ಹೂವೇ ಬರುತ್ತೆ. ನಾನು ಮಾತು ಕೊಡ್ತೀನಿ."

ಅಂದೇ ಹಿತ್ತಿಲಿನಲ್ಲಿ ಹಳೆಯ ಎಣ್ಣೆ ಡಬ್ಬಗಳಿಗೆ ಮಣ್ಣು ತುಂಬಿ ಒಂಬತ್ತು ಗೆಡ್ಡೆ ನೆಟ್ಟಳು. ಇದೂ ಹೂಳುವ ಕೆಲಸವೇ. ಮತ್ತೆ ಮುಖ ತಿರುಗಿತು. ಕೈಗೆ ಸಿಕ್ಕ ಜುಟ್ಟು ಹಿಡಿದು ಒಂದೊಂದನ್ನೇ ಇಳಿಸಿದಳು. ಕಣ್ಣು ಗೋಡೆ ನೋಡುತ್ತಿತ್ತು.

ದಿನಾ ನೀರು ಹಾಕಿದಳು. ಪ್ರಾರ್ಥನೆ ಮಾತ್ರ ಆಗುತ್ತಿರಲಿಲ್ಲ. ಮಂಡಿಯೂರಿದರೆ ಬಾಯಿಗೆ ಬರುತ್ತಿದ್ದುದು ಬೈಗುಳ. "ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿನಗೆ? ಅವರೇ ಬೇಕಿತ್ತಾ?" ಇದೆಂಥ ಪ್ರಾರ್ಥನೆ ಎಂದು ಅರ್ಧಕ್ಕೇ ಎದ್ದುಬಿಡುತ್ತಿದ್ದಳು.

ಹಬ್ಬಕ್ಕೆ ಒಂದೇ ವಾರ ಉಳಿಯಿತು. ಡಬ್ಬಗಳಲ್ಲಿ ಹಸಿರಿನ ಸುಳಿವೇ ಇಲ್ಲ. ಆಗ ನಾದಿನಿ ಬಂದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಬಂದವಳೇ ಒಂದು ಡಬ್ಬದ ಮಣ್ಣು ಕೆದಕಿದಳು.

"ಅಯ್ಯೋ ಅತ್ತಿಗೆ! ತಲೆಕೆಳಗಾಗಿ ನೆಟ್ಟಿದ್ದೀರಲ್ಲ! ಬೇರು ಆಕಾಶ ನೋಡ್ತಿದೆ. ದಿನಾ ಈರುಳ್ಳಿ ಹೆಚ್ಚೋರಿಗೆ ಬುಡ ಯಾವುದು, ತುದಿ ಯಾವುದು ಗೊತ್ತಾಗಲಿಲ್ವಾ? ಅಣ್ಣ ಇದ್ದಿದ್ದರೆ ನಿಮ್ಮನ್ನೇ ಡಬ್ಬದಲ್ಲಿ ನೆಡ್ತಿದ್ದ! ತಡೀರಿ, ತಿರುಗಿಸಿಬಿಡ್ತೀನಿ."

ಎತ್ತಿದಳು. ಲಟ್ಟೆಂದಿತು. ಬಿಳಿ ಮೊಳಕೆ ಮುರಿದು ಅಂಗೈಗೆ ಬಂತು.

ಅತ್ತಿಗೆ ಆಗ ನೋಡಿದಳು. ಮೊಳಕೆ ಕೆಳಗೆ ಹೊರಟು, ಕೊಕ್ಕೆಯ ಹಾಗೆ ಬಾಗಿ, ಗೆಡ್ಡೆಯನ್ನು ಬಳಸಿಕೊಂಡು ಮೇಲಕ್ಕೆ ತಿರುಗಿತ್ತು. ಅಷ್ಟು ಕತ್ತಲೆಯಲ್ಲಿ ಮೇಲು ಯಾವುದೆಂದು ಅದಕ್ಕೆ ಹೇಳಿದವರು ಯಾರು?

"ಉಳಿದದ್ದು ಮುಟ್ಟಬೇಡ ಕಣೇ. ಅದಕ್ಕೆ ದಾರಿ ಗೊತ್ತಿದೆ."

"ಹಬ್ಬಕ್ಕೆ ಹೂ ಬರಲ್ಲ ಅತ್ತಿಗೆ. ನೀವು ಮಾತು ಕೊಟ್ಟಿದ್ದೀರಿ."

"ಕೊಟ್ಟಿದ್ದೀನಿ. ಏನು ಮಾಡಲಿ? ಎಳೆದರೆ ಮುರಿಯುತ್ತೆ."

ಆ ಸಂಜೆ ಮಂಡಿಯೂರಿ ಮತ್ತೆ ಬೈದಳು. ಈ ಸಲ ಅರ್ಧಕ್ಕೆ ಏಳಲಿಲ್ಲ. ಬೈಗುಳ ತೀರಿತು. ಅಳು ಬಂತು. ಅದೂ ತೀರಿದ ಮೇಲೆ ಒಂದೇ ಮಾತು ಉಳಿಯಿತು: "ಅವರನ್ನ ಚೆನ್ನಾಗಿ ನೋಡ್ಕೋ." ತಲೆಕೆಳಗಾದ ಪ್ರಾರ್ಥನೆಯೂ ಕೊನೆಗೆ ದೇವರ ಕಡೆಗೇ ತಿರುಗುತ್ತದೆ. ತಡವಾಗುತ್ತದೆ, ಅಷ್ಟೇ.

ಹಬ್ಬದ ದಿನ ಪೀಠ ಬೋಳಾಗಿತ್ತು. ಮುಂದಿನ ಬೆಂಚುಗಳಲ್ಲಿ ಗುಸುಗುಸು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದವಳು ಕೊನೆಗೆ ಪಾದ್ರಿಗಳ ಬಳಿ ಹೋದಳು.

"ಮಾತು ತಪ್ಪಿದೆ ಫಾದರ್. ಗೆಡ್ಡೆ ತಲೆಕೆಳಗೆ ನೆಟ್ಟೆ."

ಪಾದ್ರಿಗಳಿಗೆ ನಗು ತಡೆಯಲಾಗಲಿಲ್ಲ. "ಪುನರುತ್ಥಾನದ ಹಬ್ಬ ಒಂದೇ ದಿನದ್ದಲ್ಲ ತಾಯಿ, ಐವತ್ತು ದಿನ ಇದೆ. ಅಷ್ಟರಲ್ಲಿ ತಂದರಾಯ್ತು."

ನಲವತ್ತೆಂಟನೆಯ ದಿನ ಐದು ಅರಳಿದವು. ಉಳಿದ ಮೂರು ಎಲೆ ಬಿಟ್ಟು ಸುಮ್ಮನಾದವು. ಅರಳಿದವೂ ಬುಡದಲ್ಲಿ ಸೊಟ್ಟ, ಡಬ್ಬದ ಅಂಚಿಗೆ ಒತ್ತಿಕೊಂಡಿದ್ದವು. ಹೂವಿನ ಬಿಳುಪಿನಲ್ಲಿ ಮಾತ್ರ ಏನೂ ಕಮ್ಮಿಯಿರಲಿಲ್ಲ.

ಐವತ್ತನೆಯ ದಿನ, ಭಾನುವಾರ, ನಾಲ್ಕು ಹೂ ಪೀಠಕ್ಕೆ ಹೋದವು. ಒಂದನ್ನು ಗೋರಿಗೆ ತಂದಳು. ಅವನನ್ನು ಹೂತ ಮಣ್ಣನ್ನು ಮೊದಲ ಸಲ ನೆಟ್ಟ ಕಣ್ಣಿನಿಂದ ನೋಡಿದಳು. ಹುಲ್ಲು ಬಂದಿತ್ತು.

ನಾದಿನಿ ಸುಮ್ಮನಿರಲಾರದೆ ಕೇಳಿದಳು. "ಮುಂದಿನ ವರ್ಷವಾದರೂ ಸರಿಯಾಗಿ ನೆಡ್ತೀರಾ ಅತ್ತಿಗೆ?"

"ನೋಡಿ ನೆಡ್ತೀನಿ" ಎಂದಳು.